ಸಂತ ಲಾರೆನ್ಸರ ಜಾಡಿನಲ್ಲಿ ರೋಮ್: ಒಂದು ಮಾರ್ಗದರ್ಶಿ ನಡಿಗೆಯ ವಿಮರ್ಶೆ

ಕಾರ್ಕಳದ ಅತ್ತೂರು ಬಸಿಲಿಕದ ಜನವರಿ ಹಬ್ಬದ ಮೂಲಕ ಸಂತ ಲಾರೆನ್ಸರನ್ನು ಬಲ್ಲವರಿಗೆ, ಅವರು ಸೇವೆ ಸಲ್ಲಿಸಿ ಪ್ರಾಣ ತೆತ್ತ ರೋಮ್ ನಗರದಲ್ಲಿ ಅವರ ಹೆಸರಿನ ಮೂರು ಇಗರ್ಜಿಗಳನ್ನು ಅರ್ಧ ದಿನದಲ್ಲಿ ತೋರಿಸುವ ಈ ನಡಿಗೆ ಸಹಜವಾಗಿಯೇ ಕುತೂಹಲ ಹುಟ್ಟಿಸುತ್ತದೆ. ಅಲ್ಲಿನ ಪ್ರವಾಸ ಸಂಸ್ಥೆಯೊಂದು ನಡೆಸುವ ಈ ಸೇವೆಯಲ್ಲಿ ಸ್ಥಳಗಳ ಆಯ್ಕೆ ಚೆನ್ನಾಗಿದೆ, ಆದರೆ ಸಮಯದ ಹಂಚಿಕೆ ಸರಿಯಿಲ್ಲ.

ಮೊದಲನೆಯದು ವಿಮಿನಾಲ್ ಗುಡ್ಡದ ಸಾನ್ ಲೊರೆಂಝೊ ಇನ್ ಪಾನಿಸ್ಪೆರ್ನಾ; ಸಂತರು ರಕ್ತಸಾಕ್ಷಿಯಾದದ್ದು ಇಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಬಲಿಪೀಠದ ಹಿಂದೆ ಗೋಡೆ ತುಂಬ ಪಾಸ್ಕ್ವಾಲೆ ಕಾತಿಯ ಭಿತ್ತಿಚಿತ್ರವಿದ್ದು, ಅದರಲ್ಲಿ ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಸುಡುವ ದೃಶ್ಯವಿದೆ. ಒಂದು ಮಗ್ಗುಲು ಬೆಂದಾಯಿತು, ಇನ್ನು ಹೊರಳಿಸಿ ಎಂದು ಅವರು ಕೊಲೆಗಾರರಿಗೆ ಹೇಳಿದರೆಂಬ ಪ್ರಸಿದ್ಧ ಕಥೆಯನ್ನು ಮಾರ್ಗದರ್ಶಿ ಸವಿಸ್ತಾರವಾಗಿ ವರ್ಣಿಸಿದರು. ಕಥೆ ಹಳೆಯದೇ, ನಾಲ್ಕನೆಯ ಶತಮಾನದ ಸಂತ ಆಂಬ್ರೋಸರೂ ಅದನ್ನು ಹೇಳುತ್ತಾರೆ. ಆದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯವೊಂದರ ಬಗ್ಗೆ ಅವರು ಬಾಯಿಬಿಡಲಿಲ್ಲ. ಧರ್ಮಾಧ್ಯಕ್ಷರು, ಗುರುಗಳು ಮತ್ತು ಗುರುಗಳಿಗಿಂತ ಕೆಳಗಿನ ಸ್ತರದ ಧರ್ಮಸೇವಕರಾದ ಡೀಕನ್‌ಗಳನ್ನು ಕೂಡಲೇ ಕೊಲ್ಲಬೇಕೆಂದು ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ್ದನ್ನೂ, 258ರ ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ತಸರನ್ನು ಸಮಾಧಿಸ್ಥಳದಲ್ಲಿಯೇ ಕೊಂದದ್ದನ್ನೂ ಉತ್ತರ ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಆಗಲೇ ಪತ್ರದಲ್ಲಿ ಬರೆದಿದ್ದರು. ನಾಲ್ಕು ದಿನಗಳ ನಂತರ, ಆಗಸ್ಟ್ 10ರಂದು, ಡೀಕನ್ ಲಾರೆನ್ಸರ ಸರದಿ ಬಂತು. ಆಜ್ಞೆಯ ಸ್ವರೂಪವನ್ನು ನೋಡಿ, ಅವರದೂ ಶಿರಚ್ಛೇದವೇ ಆಗಿದ್ದೀತು ಎಂದು ಅನೇಕ ಇತಿಹಾಸಕಾರರು ಊಹಿಸುತ್ತಾರೆ. ಇದನ್ನು ಕೇಳಿದರೆ ಭಕ್ತರ ಮನಸ್ಸು ನೋಯುತ್ತದೆಂದು ಮಾರ್ಗದರ್ಶಿ ಹೆದರಬೇಕಾಗಿರಲಿಲ್ಲ.

ಸಾನ್ ಲೊರೆಂಝೊ ಇನ್ ಲುಚೀನಾದಲ್ಲಿ ಆ ಜಾಲರಿಯದೆಂದು ಪೂಜಿಸಲಾಗುವ ಅವಶೇಷವೂ, ಗುಯಿದೊ ರೇನಿಯ ಶಿಲುಬೆಯ ಚಿತ್ರವೂ ಇವೆ. ಇಲ್ಲಿ ನನಗೆ ಮೆಚ್ಚುಗೆಯಾದದ್ದು ಧರ್ಮಸಭೆಯ ಹಣಕಾಸು ಮತ್ತು ದಾನಧರ್ಮವನ್ನು ನೋಡಿಕೊಳ್ಳುತ್ತಿದ್ದ ಲಾರೆನ್ಸರು, ಸಂಪತ್ತನ್ನು ಒಪ್ಪಿಸೆಂದಾಗ ಬಡವರನ್ನು ತಂದು ನಿಲ್ಲಿಸಿದರೆಂಬ ಪ್ರಸಂಗದ ನಿರೂಪಣೆ. ಸಂತರ ಹೆಸರು ಇಷ್ಟು ಕಾಲ ಬಾಳಿದ್ದಕ್ಕೆ ಜಾಲರಿಗಿಂತ ಈ ಪ್ರಸಂಗವೇ ಹೆಚ್ಚು ಕಾರಣವೆಂದು ನನ್ನ ಎಣಿಕೆ.

ಅವಸರವಾದದ್ದು ನಗರದ ಗೋಡೆಯಾಚೆಯ ಸಾನ್ ಲೊರೆಂಝೊದಲ್ಲಿ, ಅಂದರೆ ಸಮಾಧಿಯಿರುವ ಮುಖ್ಯ ಸ್ಥಳದಲ್ಲಿಯೇ. ಆರನೆಯ ಶತಮಾನದಲ್ಲಿ ಪೋಪ್ ಎರಡನೆಯ ಪೆಲಾಜಿಯಸ್ ಕಟ್ಟಿಸಿದ ಇಗರ್ಜಿಗೆ ಹದಿಮೂರನೆಯ ಶತಮಾನದಲ್ಲಿ ಮೂರನೆಯ ಹೊನೋರಿಯಸ್ ಕಾಲದ ಕಟ್ಟಡವನ್ನು ಕೂಡಿಸಿ, ದಿಕ್ಕನ್ನೇ ತಿರುಗಿಸಲಾಗಿದೆ. ಪೆಲಾಜಿಯಸ್ ಕಾಲದ ಮೊಸಾಯಿಕ್ ಕಮಾನಿನ ಒಳಮುಖದಲ್ಲಿರುವುದರಿಂದ ಬಾಗಿಲಿನಿಂದ ಬರುವವರಿಗೆ ಕಾಣುವುದಿಲ್ಲ; ಬಲಿಪೀಠದ ಆಚೆಗೆ ಹೋಗಿ ಹಿಂತಿರುಗಿ ನೋಡಬೇಕು. ನಮ್ಮ ತಂಡದಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ಹೊರಬಂದರು. 1943ರ ಜುಲೈ 19ರ ಬಾಂಬ್ ದಾಳಿಯಲ್ಲಿ ಇಗರ್ಜಿಗೆ ಭಾರೀ ಹಾನಿಯಾದದ್ದನ್ನೂ ಒಂದೇ ವಾಕ್ಯದಲ್ಲಿ ಮುಗಿಸಲಾಯಿತು.

ಹಣ ಕಟ್ಟುವ ಮೊದಲು, ಈ ಮೂರನೆಯ ಇಗರ್ಜಿಗೆ ಎಷ್ಟು ಹೊತ್ತು ಮೀಸಲಿದೆ ಎಂದು ವಿಚಾರಿಸಿಕೊಳ್ಳಿ. ಉತ್ತರ ಸಮಾಧಾನ ಕೊಡದಿದ್ದರೆ, ಅದರ ಪಕ್ಕದ ವೆರಾನೊ ಸ್ಮಶಾನದ ಕಡೆಗೆ ಹೋಗುವ ಟ್ರಾಮ್ ಹಿಡಿದು ನೀವೇ ಹೋಗಬಹುದು. ರೋಮಿನ ಅನೇಕ ಇಗರ್ಜಿಗಳು ಮಧ್ಯಾಹ್ನ ಮುಚ್ಚಿರುವುದರಿಂದ ಬೆಳಗ್ಗೆ ಹೊರಡುವುದು ಒಳ್ಳೆಯದು.