ನದಿಯ ಮರಳಿನಿಂದ ಚಿನ್ನ ಜಾಲಿಸಲು ತಟ್ಟೆಯೋ, ಪಂಪೋ?

ತಟ್ಟೆಯೇ. ಹಸಿರು ಪ್ಲಾಸ್ಟಿಕ್‌ನ ಆ ತಟ್ಟೆಗೆ ಕೊಟ್ಟದ್ದು 1,200 ರೂಪಾಯಿ. ನ್ಯೂಜಿಲೆಂಡ್‌ನಲ್ಲಿರುವ ಅಕ್ಕನ ಮನೆಗೆ ಹೊರಡುವ ಮೊದಲು ಅದರ ಜೊತೆಗೆ ನೀರು ಹರಿಸಿ ಮರಳು ತೊಳೆಯುವ 19,000 ರೂಪಾಯಿಯ ಬ್ಯಾಟರಿ ಪಂಪಿನ ತೊಟ್ಟಿಯನ್ನೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ಆ ಹಣ ನೀರುಪಾಲಾಯಿತು.

ಯಂತ್ರದ ಕೆಲಸದಲ್ಲಿ ಕುಂದಿಲ್ಲ. ಬಸವನಗುಡಿಯ ನಮ್ಮ ತಾರಸಿಯಲ್ಲಿ ಮರಳಿಗೆ ಚಿನ್ನದ ಬದಲು ಇಪ್ಪತ್ತು ಸೀಸದ ಚೂರು ಬೆರೆಸಿ ನೋಡಿದಾಗ ಪಂಪು ಹದಿನೆಂಟನ್ನು ಹಿಡಿಯಿತು, ತಟ್ಟೆಯಲ್ಲಿ ನನಗೆ ಉಳಿದದ್ದು ಹದಿನೈದು. ಅಷ್ಟಕ್ಕೇ ಮರುಳಾಗಿ ಪಂಪನ್ನು ಪೆಟ್ಟಿಗೆಗೆ ತುಂಬಿದೆ. ‘ಯಾವ ನದಿಗೂ ಸೂಕ್ತ’ ಎಂದು ಮಾರಾಟದ ಪುಟದಲ್ಲಿ ಬರೆದಿತ್ತು, ನಂಬಿದೆ.

ತೊಡಕು ಎದುರಾದದ್ದು ಅಲ್ಲಿಗೆ ಹೋದ ಮೇಲೆ. ನ್ಯೂಜಿಲೆಂಡ್‌ನಲ್ಲಿ ಹವ್ಯಾಸಿಗಳು ಪರವಾನಗಿಯಿಲ್ಲದೆ ಚಿನ್ನ ಹುಡುಕಬಹುದಾದ ಜಾಗಗಳನ್ನು ಸರ್ಕಾರವೇ ಗುರುತಿಸಿದೆ. 1862ರಲ್ಲಿ ಚಿನ್ನ ಸಿಕ್ಕ ಆರೋ ನದಿಯ ದಡದ ಆರೋಟೌನ್ ಅವುಗಳಲ್ಲೊಂದು. ಆದರೆ ಅಲ್ಲಿ ಕೈಯಲ್ಲಿ ಹಿಡಿದು ಬಳಸುವ, ಮೋಟಾರ್ ಇಲ್ಲದ ಸಾಧನಗಳಿಗಷ್ಟೇ ಅವಕಾಶ. ಬ್ಯಾಟರಿಯದಾದರೂ ಪಂಪಿನೊಳಗಿರುವುದು ಮೋಟಾರೇ. ಅದನ್ನು ಕಳಚಿದರೆ ನನ್ನ ತೊಟ್ಟಿ ಕೆಲಸಕ್ಕೆ ಬಾರದು. ಒಮ್ಮೆ ಬಳಸಿದ್ದೆ ಎಂಬ ಕಾರಣಕ್ಕೆ ಅಂಗಡಿಯವರು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಅಂಗಡಿಯ ಮೇಲೆ ಸಿಟ್ಟಿದೆ, ನಿಯಮದ ಮೇಲಿಲ್ಲ. ತಾರಸಿಯ ಪರೀಕ್ಷೆಯಲ್ಲಿ ಟಬ್ಬಿನ ನೀರು ಐದೇ ನಿಮಿಷಕ್ಕೆ ಕಾಫಿ ಬಣ್ಣಕ್ಕೆ ತಿರುಗಿತ್ತು, ಮರುದಿನ ಬೆಳಿಗ್ಗೆಯೂ ತಿಳಿಯಾಗಿರಲಿಲ್ಲ. ನದಿಯಲ್ಲಾದರೆ ಆ ಕೆಸರು ಹೋಗಿ ಕೂರುವುದು ಜಲ್ಲಿಯ ಸಂದುಗಳಲ್ಲಿ. ಮೀನಿನ ಮೊಟ್ಟೆಗಳಿರುವುದೂ ಅಲ್ಲೇ. ಸಂದು ಮುಚ್ಚಿದರೆ ಅವಕ್ಕೆ ಆಮ್ಲಜನಕವಿಲ್ಲ. ನದಿಯ ತಳವನ್ನೇ ಹೀರುವ ದೊಡ್ಡ ಯಂತ್ರಗಳನ್ನು ಕ್ಯಾಲಿಫೋರ್ನಿಯಾ 2009ರಲ್ಲೇ ತಡೆಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಗಣಿಗಾರರು ಚಿನ್ನ ಹಿಡಿಯಲು ಸುರಿದ ಪಾದರಸ ಅಲ್ಲಿನ ನದಿಗಳ ತಳದಲ್ಲಿ ಇನ್ನೂ ಇದೆ, ಕಲಕಿದರೆ ಮೇಲೇಳುತ್ತದೆ.

ತಟ್ಟೆಯನ್ನು ನೀರಿನಲ್ಲಿ ಮುಳುಗಿಸಿ ಅಲುಗಿಸಬೇಕು, ವಾಲಿಸಬೇಕು, ಮೇಲಿನದನ್ನು ಚೆಲ್ಲಬೇಕು. ಕಲ್ಲು ತೆಗೆಯಲು ಅಮ್ಮ ಅಕ್ಕಿ ಜಾಲಿಸುತ್ತಿದ್ದದ್ದೂ ಹೀಗೆಯೇ. ಸ್ಫಟಿಕ ಮರಳು ನೀರಿಗಿಂತ 2.65 ಪಟ್ಟು ಭಾರ, ಚಿನ್ನ 19.3 ಪಟ್ಟು. ಹಾಗಾಗಿ ಮರಳು ಚೆಲ್ಲಿಹೋದರೂ ಚಿನ್ನ ತಳದಲ್ಲೇ ಉಳಿಯುತ್ತದೆ. ಕೈ ಮರಗಟ್ಟುವ ನೀರಿನಲ್ಲಿ ಮೂರು ಗಂಟೆ ಕುಳಿತ ಮೇಲೆ ಕಪ್ಪು ಮರಳಿನ ಅಂಚಿನಲ್ಲಿ ರಾಗಿ ಕಾಳಿಗಿಂತ ಸಣ್ಣದೊಂದು ಹಳದಿ ಚೂರು ಉಳಿಯಿತು. ತಟ್ಟೆ ಹೊರಳಿಸಿದರೂ ಅದು ಕದಲಲಿಲ್ಲ. ಅಕ್ಕನನ್ನು ಕೂಗಿ ಕರೆದೆ.

ನಮ್ಮ ರಾಜ್ಯದಲ್ಲಿ ತಟ್ಟೆಯನ್ನೂ ಹೊರತೆಗೆಯಬೇಡಿ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು ನಿಜ. ಆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಪರವಾನಗಿಯಿಲ್ಲದೆ ಖನಿಜ ಹುಡುಕುವಂತಿಲ್ಲ. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ.

ನಾನು ಅಕ್ಕನ ಮನೆಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ನದಿಗೆ ಸಿಗುವುದು ನಾಲ್ಕೈದು ದಿನ. ಅಷ್ಟಕ್ಕೆ ಅಂಗಿಗಳ ನಡುವೆ ಹಿಡಿಸುವ ತಟ್ಟೆ ಧಾರಾಳವಾಯಿತು. ಮುಂದಿನ ಸಲ ಮಗಳೂ ಬರುತ್ತಾಳೆ, ಅವಳಿಗೊಂದು ಕೊಳ್ಳಬೇಕು.