ಎಸ್‌ಎಟಿನಾ ಎಸಿಟಿನಾ? ಎರಡನ್ನೂ ಊಟದ ಮೇಜಿನ ಮೇಲೆ ಬರೆಸಿ ನೋಡಿದೆ

ಮಗಳಿಗೆ ಅನಾಪೊಲಿಸ್‌ನ ನೇವಲ್ ಅಕಾಡೆಮಿಯ, ಅಂದರೆ ಅಮೆರಿಕದ ನೌಕಾಪಡೆಯ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜಿನ, ಹುಚ್ಚು ಹಿಡಿದು ಒಂದೂವರೆ ವರ್ಷವಾಯಿತು. ನಮ್ಮ ಮನೆತನದಲ್ಲಿ ಸೈನ್ಯಕ್ಕೆ ಸೇರಿದವರು ಯಾರೂ ಇಲ್ಲ. ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಗಾಗಿ ನಾನು ಎನ್‌ಸಿಸಿಗೆ ಹೋಗಿದ್ದೇ ನಮ್ಮ ಮಿಲಿಟರಿ ಇತಿಹಾಸ. ಹಾಗಾಗಿ ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ, ಎಸಿಟಿ ಎಂಬ ಈ ಎರಡು ಪರೀಕ್ಷೆಗಳಲ್ಲಿ ಯಾವುದನ್ನು ಬರೆಸಬೇಕು ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. "ಎಸಿಟಿನೇ ಬರೆಸಿ ಸಾರ್, ಮಿಲಿಟರಿಯವರಿಗೆ ಅದೇ ಇಷ್ಟ" ಅಂದರು ಒಬ್ಬರು. ಶುದ್ಧ ಗಾಳಿಸುದ್ದಿ. ಭೂಸೇನೆಯ ವೆಸ್ಟ್ ಪಾಯಿಂಟ್ ಇರಲಿ, ಅನಾಪೊಲಿಸ್ ಇರಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನ ಏರ್ ಫೋರ್ಸ್ ಅಕಾಡೆಮಿ ಇರಲಿ, ಯಾವುದನ್ನು ಬರೆದರೂ ತೆಗೆದುಕೊಳ್ಳುತ್ತಾರೆ.

ಕೊನೆಗೆ ಎರಡು ಶನಿವಾರ ಊಟದ ಮೇಜು ಖಾಲಿ ಮಾಡಿಸಿ, ಎರಡರ ಮಾದರಿ ಪರೀಕ್ಷೆಗಳನ್ನೂ ಗಡಿಯಾರ ಇಟ್ಟು ಬರೆಸಿದೆ. ಎಸ್‌ಎಟಿಯದು ಬ್ಲೂಬುಕ್ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಎಸ್‌ಎಟಿ ಈಗ ಪೂರ್ತಿ ಕಂಪ್ಯೂಟರಿನಲ್ಲೇ. 98 ಪ್ರಶ್ನೆ, 2 ಗಂಟೆ 14 ನಿಮಿಷ. ಓದುವ ಭಾಗದಲ್ಲಿ ನಾಲ್ಕೈದು ಸಾಲಿನ ತುಣುಕು, ಅದಕ್ಕೊಂದೇ ಪ್ರಶ್ನೆ, ಮುಂದೆ. ಗಣಿತಕ್ಕೆ ಪರದೆಯಲ್ಲೇ ಡೆಸ್ಮೋಸ್ ಕ್ಯಾಲ್ಕುಲೇಟರ್. ಸಮೀಕರಣ ಟೈಪ್ ಮಾಡಿದರೆ ಗ್ರಾಫ್ ತಾನೇ ಬರುತ್ತದೆ, ಎರಡು ಗೆರೆ ಕೂಡುವ ಜಾಗಕ್ಕೆ ಬೆರಳು ಒತ್ತಿದರೆ ಉತ್ತರ. ಲಾಗ್ ಟೇಬಲ್ ಪುಸ್ತಕ ತಿರುವಿ ಬೆಳೆದ ನನಗೆ ಇದು ಕಾಪಿ ಹೊಡೆದ ಹಾಗೇ ಕಂಡಿತು. ಅದು ನನ್ನ ತಕರಾರು, ಬಿಡಿ. ಅವಳ ತಕರಾರು ಬೇರೆ. ಓದು, ಗಣಿತ ಎರಡರಲ್ಲೂ ಪ್ರಶ್ನೆಗಳು ಮಾಡ್ಯೂಲ್ ಎಂಬ ಎರಡೆರಡು ಕಂತುಗಳಲ್ಲಿ ಬರುತ್ತವೆ; ಮೊದಲ ಮಾಡ್ಯೂಲ್ ಹೇಗೆ ಬರೆದೆವು ಅನ್ನೋದರ ಮೇಲೆ ಎರಡನೆಯದು ಸುಲಭವೋ ಕಷ್ಟವೋ ಆಗುತ್ತದೆ. "ಅಪ್ಪಾ, ಪ್ರಶ್ನೆ ಸುಲಭ ಇದ್ರೆ ನಂಗೆ ಭಯ ಆಗತ್ತೆ" ಅಂದಳು. ಲೆಕ್ಕ ಬಿಟ್ಟು, ಯಾವ ಮಾಡ್ಯೂಲ್ ಸಿಕ್ಕಿದೆ ಎಂದು ಊಹಿಸುತ್ತಾ ಕೂತಿದ್ದಳಂತೆ. ಬಂದದ್ದು 1600ಕ್ಕೆ 1340.

ಎಸಿಟಿಯಲ್ಲಿ ಈ ಆಟವಿಲ್ಲ. ಎಲ್ಲರಿಗೂ ಒಂದೇ ತೆರನಾದ ಪತ್ರಿಕೆ, ಕಾಗದದ ಮೇಲೂ ಬರೆಯಬಹುದು. ಆದರೆ ಓಟ ಜಾಸ್ತಿ. ಗಣಿತದಲ್ಲಿ 50 ನಿಮಿಷಕ್ಕೆ 45 ಪ್ರಶ್ನೆ, ಇಂಗ್ಲಿಷಿನಲ್ಲಿ 35 ನಿಮಿಷಕ್ಕೆ 50. ಎಸ್‌ಎಟಿ ಗಣಿತದಲ್ಲಿ ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿ ಸಿಗುತ್ತದೆ, ಇಲ್ಲಿ ಒಂದು ನಿಮಿಷ ಚಿಲ್ಲರೆ. ನಿಧಾನವಾಗಿ ಯೋಚಿಸುವ ಮಕ್ಕಳಿಗೆ ನಾನಿದನ್ನು ಹೇಳಲಾರೆ. ನಮ್ಮವಳು ಸರಸರ ಓದುವವಳು. ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಆರಾಮಾಗಿ ಮುಗಿಸಿ 36ಕ್ಕೆ 30 ತಂದಳು. ಪರಸ್ಪರ ಹೋಲಿಸುವ ಪಟ್ಟಿಯಲ್ಲಿ 30 ಅಂದರೆ ಎಸ್‌ಎಟಿಯ ಸುಮಾರು 1370. ವ್ಯತ್ಯಾಸ ದೊಡ್ಡದೇನಲ್ಲ. ನಾನು ನೋಡಿದ್ದು ಮುಖ: ಎಸ್‌ಎಟಿ ಮುಗಿಸಿ ಕೋಣೆ ಬಾಗಿಲು ಹಾಕಿಕೊಂಡಿದ್ದಳು, ಎಸಿಟಿ ಮುಗಿಸಿ ಊಟ ಕೇಳಿದಳು.

ಸೈನ್ಸ್ ಭಾಗ ಈಗ ಐಚ್ಛಿಕ. ಯಾವ ಕಾಲೇಜು ಯಾವಾಗ ಕೇಳುತ್ತದೋ ಎಂದು ಒಂದು ಸಲ ಅದನ್ನೂ ಬರೆಸಿದೆ. 40 ನಿಮಿಷ ಹೆಚ್ಚು ಕೂರಬೇಕು, ಅಷ್ಟೇ.

ನಿಜವಾದ ಎಸಿಟಿ ಎರಡು ಬಾರಿ ಬರೆದಳು. ಮೊದಲ ಸಲ ಇಂಗ್ಲಿಷ್ 32, ಗಣಿತ 28, ಓದು 33: ಸರಾಸರಿ 31. ಎರಡನೇ ಸಲ 30, 31, 32: ಮತ್ತೆ 31. ಅವಳಿಗೆ ಅಳುವೇ ಬಂತು. ಆದರೆ ಅಕಾಡೆಮಿ ಎರಡೂ ಸಲದಿಂದ ಒಂದೊಂದು ವಿಷಯಕ್ಕೂ ಉತ್ತಮವಾದದ್ದನ್ನೇ ಆರಿಸಿಕೊಳ್ಳುತ್ತದೆ. ಹಾಗೆ ಹೆಕ್ಕಿದರೆ ಗಣಿತಕ್ಕೆ 31, ಒಟ್ಟು 32. ಒಂದೇ ಪರೀಕ್ಷೆಯನ್ನು ಎರಡು ಸಲ ಬರೆದದ್ದರ ಲಾಭ ಇದು.

ಪರೀಕ್ಷಾ ಕೇಂದ್ರದ ಬಗ್ಗೆ ಮಾತ್ರ ಎರಡು ನಕ್ಷತ್ರಕ್ಕಿಂತ ಹೆಚ್ಚು ಕೊಡಲಾರೆ. ಎರಡನೇ ಸಲ ಸಿಕ್ಕ ಶಾಲೆಯ ಗೋಡೆ ಗಡಿಯಾರ ಏಳು ನಿಮಿಷ ಹಿಂದಿತ್ತಂತೆ. ಸ್ಮಾರ್ಟ್‌ವಾಚ್ ಒಳಗೆ ಬಿಡುವುದಿಲ್ಲ. ನನ್ನ ಹಳೇ ಮುಳ್ಳಿನ ವಾಚು ಕೈಗೆ ಕಟ್ಟಿ ಕಳಿಸಿದ್ದಕ್ಕೆ ಬಚಾವು.

ಮೂರನೇ ಸಲ ಬರೆಸಲಿಲ್ಲ. ಅಕಾಡೆಮಿ ಸೇರಲು ಅಂಕವೊಂದೇ ಸಾಲದು: ಸಂಸದರು ಮತ್ತು ಇಬ್ಬರು ಸೆನೆಟರ್‌ಗಳಿಂದ ನಾಮನಿರ್ದೇಶನಕ್ಕೆ ಬೇರೆ ಬೇರೆ ಅರ್ಜಿ ಹಾಕಬೇಕು, ವೈದ್ಯಕೀಯ ತಪಾಸಣೆ ಇದೆ, ಒಂದು ಮೈಲಿ ಓಟವಿದೆ. ಮಂಡಿಯೂರಿ ಕೂತು ಬ್ಯಾಸ್ಕೆಟ್‌ಬಾಲ್ ಎಸೆಯುವ ಒಂದು ಪರೀಕ್ಷೆಯೂ ಇದೆ, ಅದಕ್ಕೆ ಯಾವ ಆ್ಯಪೂ ಇಲ್ಲ. ಈಗ ಶನಿವಾರ ಬೆಳಗ್ಗೆ ಹಿತ್ತಲಿನಲ್ಲಿ ಅವಳು ಎಸೆಯುತ್ತಾಳೆ, ನಾನು ಟೇಪು ಹಿಡಿದು ಅಳೆಯುತ್ತೇನೆ. ಮೊನ್ನೆ ಚೆಂಡು ಬೇಲಿ ಹಾರಿ ಪಕ್ಕದ ಮನೆಯವರ ಟೊಮೆಟೊ ಪಾತಿಗೆ ಬಿತ್ತು.