ಕಾಸರಕೋಡಿನ ಹೋಮ್‌ಸ್ಟೇ: 2021ರ ಡಿಸೆಂಬರಿನ ಕೊರೊನಾ ನಡುವೆ ಸಾಗರದವರು ಸಮುದ್ರಕ್ಕೆ ಹೋಗಬಹುದಿತ್ತೇ?

ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಲ್ಲಿ, ಇಕೋ ಬೀಚಿಗೆ ನಡೆದೇ ಹೋಗುವಷ್ಟು ದೂರದಲ್ಲಿ, ಗಾಳಿಮರದ ತೋಪಿನ ಅಂಚಿಗೆ ಒಂದು ಹೋಮ್‌ಸ್ಟೇ ಇದೆ. ಕೆಳಗೆ ನಾಲ್ಕು ಕೋಣೆ, ಮಹಡಿಯ ಮೇಲೆ ಎರಡು. 2021ರಲ್ಲಿ ತಿಂಡಿ ಮತ್ತು ಎರಡು ಹೊತ್ತಿನ ಊಟ ಸೇರಿ ದೊಡ್ಡವರಿಗೆ ದಿನಕ್ಕೆ 1,400 ರೂಪಾಯಿ, ಮಕ್ಕಳಿಗೆ ಅದರ ಅರ್ಧ ಇತ್ತು. ಆ ವರ್ಷ ದೀಪಾವಳಿ ಕಳೆದು, ನವೆಂಬರಿನ ಅಕಾಲ ಮಳೆ ತುಸು ಬಿಡುವು ಕೊಟ್ಟಾಗ, ಎಪ್ಪತ್ತು ದಾಟಿದ ಅಮ್ಮನನ್ನೂ ಆಗಿನ್ನೂ ಲಸಿಕೆಯ ವಯಸ್ಸಿಗೆ ಬಾರದ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಲ್ಲಿಗೆ ಹೋಗಿ ತಂಗಿ ಬಂದೆವು. ಹೋಮ್‌ಸ್ಟೇಯ ಹೆಸರನ್ನು ಹಾಕುತ್ತಿಲ್ಲ. ಅಲ್ಲಿ ಕಂಡ ಒಳಿತು ಕೆಡುಕುಗಳು ಕರಾವಳಿಯ ಯಾವ ಹೋಮ್‌ಸ್ಟೇಯಲ್ಲಾದರೂ ಇರಬಹುದಾದವು, ಮತ್ತು 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯವರು ಕೇಳುತ್ತಿದ್ದ ಪ್ರಶ್ನೆ ಯಾವ ಮನೆ ಚೆಂದ ಎನ್ನುವುದಕ್ಕಿಂತ ಹೆಚ್ಚಾಗಿ, ಕೊರೊನಾ ಇರುವಾಗ ಹೋಗುವುದೇ ಸರಿಯೇ ಎನ್ನುವುದಾಗಿತ್ತು.

ಸೇವೆಯ ವಿಷಯದಲ್ಲಿ ನಾನು ಮೊದಲ ಅಂಕ ಕೊಡುವುದು ಅವರ ಆಗಿನ ಮುಂಗಡದ ನಿಯಮಕ್ಕೆ. ಕಾದಿರಿಸುವಾಗ ಅರ್ಧ ಹಣ ಕಟ್ಟಬೇಕಿತ್ತು. ಮನೆಯಲ್ಲಿ ಯಾರಿಗಾದರೂ ಜ್ವರವೋ ಗಂಟಲು ನೋವೋ ಬಂದರೆ ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ತಿಳಿಸಿದರೂ ಪೂರ್ತಿ ಹಣ ವಾಪಸು ಕೊಡುತ್ತಿದ್ದರು; ಪರೀಕ್ಷೆಯ ವರದಿ ತೋರಿಸಿ ಎಂದೂ ಕೇಳುತ್ತಿರಲಿಲ್ಲ. 2021ರ ಏಪ್ರಿಲಿನಲ್ಲಿ, ಎರಡನೇ ಅಲೆ ಏರಿ ರಾಜ್ಯವೇ ಬಾಗಿಲು ಹಾಕಿಕೊಂಡಾಗ, ಕರಾವಳಿಯ ಇನ್ನೊಂದು ಕಡೆ ನಾವು ಕಟ್ಟಿದ್ದ ಮುಂಗಡ 'ಮುಂದಿನ ಸಲಕ್ಕೆ ಹೊಂದಿಸುತ್ತೇವೆ' ಎಂಬ ಮಾತಿನಲ್ಲಿಯೇ ಕರಗಿಹೋಯಿತು. ಹಾಗಾಗಿ ಇವರ ನಿಯಮದ ಬಗ್ಗೆ ನನಗೆ ಕುತೂಹಲವಿತ್ತು. ಯಜಮಾನರನ್ನು ಕೇಳಿದರೆ, "ಎರಡು ಸಾವಿರ ಹೋಗ್ತದೆ ಅಂತ ಜ್ವರ ಮುಚ್ಚಿಟ್ಕೊಂಡು ಬಂದ್ರೆ ನನ್ನ ಮನೇನೇ ಮುಚ್ಬೇಕಾಗ್ತದೆ ಮಾರಾಯ್ರೆ" ಎಂದರು. ಲೆಕ್ಕಾಚಾರ ಬಹಳ ನೇರವಾಗಿದೆ. ಹಣ ಹಿಂದಿರುಗಿಸದ ಜಾಗದಲ್ಲಿ ಪಕ್ಕದ ಕೋಣೆಯವರು ಮಾತ್ರೆ ನುಂಗಿಕೊಂಡು ಬಂದಿರುವ ಸಾಧ್ಯತೆ ಹೆಚ್ಚು. ಹಿಂದಿರುಗಿಸುವ ಜಾಗದಲ್ಲಿ ಅದು ಕಡಿಮೆ. ಗೇಟಿನಲ್ಲಿ ಮಾಡುವ ಯಾವ ತಪಾಸಣೆಗೂ ಇಷ್ಟು ಶಕ್ತಿಯಿಲ್ಲ.

ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ, ಮಾಲೆಮನೆ ಘಾಟಿ, ಗೇರುಸೊಪ್ಪ, ಹೊನ್ನಾವರ, ಅಲ್ಲಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಸ್ವಂತ ವಾಹನದಲ್ಲಿ ಮೂರು ಗಂಟೆಯೊಳಗೆ ಮುಗಿಯುವ ಪ್ರಯಾಣ. ಶಿವಮೊಗ್ಗದವರು ಇದಕ್ಕೆ ಇನ್ನೊಂದೂವರೆ ಗಂಟೆ ಸೇರಿಸಿಕೊಳ್ಳಬಹುದು. ಬುತ್ತಿ ಕಟ್ಟಿಕೊಂಡರೆ ನಡುವೆ ಯಾವ ಹೋಟೆಲಿನ ಒಳಗೂ ಕೂರಬೇಕಿಲ್ಲ, ಮತ್ತು ರಾಜ್ಯದ ಗಡಿ ದಾಟುವುದಿಲ್ಲವಾದ್ದರಿಂದ ಆಗ ಗಡಿಯಲ್ಲಿ ಕೇಳುತ್ತಿದ್ದ ಕೊರೊನಾ ಪರೀಕ್ಷೆಯ, ಅಂದರೆ ಆರ್‌ಟಿಪಿಸಿಆರ್ ವರದಿಯ ಗೊಡವೆಯೂ ಇರಲಿಲ್ಲ. (ಇದು ಕೇರಳದ ಕಾಸರಗೋಡಲ್ಲ ಎಂದು ಪರಿಚಿತರಿಗೆಲ್ಲ ಬಿಡಿಸಿ ಹೇಳಬೇಕಾಯಿತು.) ರೈಲು, ವಿಮಾನ, ದೊಡ್ಡ ಬಸ್ ನಿಲ್ದಾಣ ಯಾವುದೂ ಇಲ್ಲದೆ ಸಮುದ್ರ ಮುಟ್ಟಬಹುದಾದ ಅನುಕೂಲ ಮಲೆನಾಡಿನವರಿಗೆ ಇದೆ, ಬಯಲುಸೀಮೆಯ ಅನೇಕರಿಗೆ ಇಲ್ಲ.

ಆದರೆ ಗೇಟಿನಲ್ಲಿ ನಡೆದ ಸ್ವಾಗತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಬ್ಬ ಹುಡುಗ ಜ್ವರ ಅಳೆಯುವ ಗನ್ನನ್ನು ಒಬ್ಬೊಬ್ಬರ ಮಣಿಕಟ್ಟಿಗೆ ಹಿಡಿದ. ಕಡಲ ಗಾಳಿ ಬೀಸುತ್ತಿದ್ದ ಆ ಜಾಗದಲ್ಲಿ ಅಮ್ಮನಿಗೂ 33 ಡಿಗ್ರಿ, ನನಗೂ 33, ಓಡಿಬಂದು ಬೆವರುತ್ತಿದ್ದ ಮಗನಿಗೂ 33 ಡಿಗ್ರಿ ತೋರಿಸಿತು. ಹುಡುಗ ಅದನ್ನು ನೋಡದೆಯೇ ಪುಸ್ತಕದಲ್ಲಿ 'ನಾರ್ಮಲ್' ಎಂದು ಬರೆದುಕೊಂಡ. ಆಮೇಲೆ ಬ್ಯಾಗುಗಳನ್ನು ಅಂಗಳದಲ್ಲಿ ಸಾಲಾಗಿ ಇರಿಸಿ, ಅಡಿಕೆಗೆ ಔಷಧಿ ಹೊಡೆಯುವಂಥ ಬೆನ್ನಿನ ಪಂಪಿನಿಂದ ಬ್ಲೀಚಿಂಗ್ ನೀರು ಸಿಂಪಡಿಸಲಾಯಿತು. ಅಮ್ಮನ ಹೊಸ ಕೈಚೀಲದ ಮೇಲೆ ಬಿಳಿ ಚುಕ್ಕೆಗಳು ಈಗಲೂ ಇವೆ. ಲಸಿಕೆಯ ಪ್ರಮಾಣಪತ್ರವನ್ನು ಮಾತ್ರ ಸರಿಯಾಗಿ ನೋಡಿದರು. ಎರಡೂ ಡೋಸ್ ಆಗಿದೆಯೇ ಎಂದು ತೆರೆದು ಓದಿದ್ದು ಮೆಚ್ಚಬೇಕಾದ ಸಂಗತಿ.

ರೋಗ ಬರುವ ದಾರಿ ಯಾವುದೆಂದು ತಿಳಿದ ಮೇಲೆ ಕಾವಲನ್ನು ಆ ದಾರಿಯಲ್ಲೇ ಹಾಕಬೇಕು ಎಂಬುದು ನಮ್ಮ ಜಿಲ್ಲೆಯವರಿಗೆ ಹೊಸ ಪಾಠವೇನಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮಾಡಿದ ಹಾವಳಿಯನ್ನು ಮರೆಯಲು ಸಾಧ್ಯವಿಲ್ಲ. ಅದು ಉಣುಗಿನಿಂದ ಬರುತ್ತದೆ, ಆದ್ದರಿಂದ ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಉಣುಗನ್ನು ಬಿಟ್ಟು ಬುಟ್ಟಿ ಕತ್ತಿಗಳನ್ನು ಯಾರೂ ತೊಳೆಯುತ್ತ ಕೂರುವುದಿಲ್ಲ. ಕೊರೊನಾ ಮುಖ್ಯವಾಗಿ ಹರಡುವುದು ಮುಚ್ಚಿದ ಜಾಗದಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವುದರಿಂದ. ಗಾಳಿ ಸರಿಯಾಗಿ ಆಡದ, ಜನ ತುಂಬಿದ ಒಳಾಂಗಣದಲ್ಲಿ ಸೋಂಕು ಗಾಳಿಯ ಮೂಲಕ ಹರಡುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಏಪ್ರಿಲ್ ಕೊನೆಯಲ್ಲಿ ತನ್ನ ಮಾಹಿತಿಯಲ್ಲಿ ಸೇರಿಸಿತು. ಹಾಗಿರುವಾಗ ಬ್ಯಾಗಿಗೆ ಪಂಪು ಹಿಡಿದ ಮನೆಯಲ್ಲಿ ಊಟದ ಕೋಣೆಯ ಕಿಟಕಿಗಳು ಮುಚ್ಚಿದ್ದವು ಎಂಬುದು ನನ್ನ ದೊಡ್ಡ ತಕರಾರು.

ಊಟದ ಕೋಣೆ ಮನೆಯ ನಡುವೆ ಇದೆ. ಉದ್ದ ಮೇಜು, ಗೋಡೆಗೆ ಟಿವಿ, ಜಾರುವ ಗಾಜಿನ ಕಿಟಕಿಗಳು, ಒಂದು ಎ.ಸಿ. ಮೊದಲ ರಾತ್ರಿ ಎಲ್ಲ ಕೋಣೆಯವರನ್ನೂ ಎಂಟು ಗಂಟೆಗೆ ಒಟ್ಟಿಗೆ ಕರೆದರು. ಹುಬ್ಬಳ್ಳಿಯ ಒಂದು ಕುಟುಂಬ, ಬೆಂಗಳೂರಿನಿಂದ ಬಂದ ಹುಡುಗರ ಗುಂಪು, ನಾವು. ಊಟ ಮಾಡುವಾಗ ಮಾಸ್ಕ್ ಹಾಕಿಕೊಳ್ಳಲಂತೂ ಆಗುವುದಿಲ್ಲ. ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿದ್ದೇವೆ ಎಂದರು. ಗೋಡೆಗೆ ಹಾಕುವ ಎ.ಸಿ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡಿ ಬಿಡುತ್ತದೆಯೇ ಹೊರತು ಹೊರಗಿನ ಹೊಸ ಗಾಳಿಯನ್ನು ತರುವುದಿಲ್ಲ. ನಾವು ತಟ್ಟೆ ಎತ್ತಿಕೊಂಡು ಹೊರಗಿನ ಜಗಲಿಗೆ ಬಂದೆವು. ಯಜಮಾನರಿಗೆ ಕೊಂಚ ಮುಜುಗರವಾಗಿರಬೇಕು. ಮನೆಯ ಅಮ್ಮನವರು ಮಾತ್ರ, "ಇಲ್ಲೇ ಕೂತ್ಕೊಳ್ಳಿ ಅಮ್ಮ, ನಮಗೂ ಇದೇ ಹಗುರ" ಎಂದು ಬಡಿಸಿದರು. ಮರುದಿನದಿಂದ ಅಂಗಳದ ತೆಂಗಿನ ಗರಿಯ ಚಪ್ಪರದ ಕೆಳಗೆ ನಮಗೆ ಬೇರೆ ಮೇಜು ಹಾಕಿಸಿದರು. ಸಂಜೆ ಬೆಂಕಿ ಹಾಕಿ ಹಾಡು ಹೇಳಲೆಂದು ಕಟ್ಟಿದ ಆ ಚಪ್ಪರ ಹಗಲಿಡೀ ಖಾಲಿ ಬಿದ್ದಿರುತ್ತದೆ. ಎಲ್ಲರಿಗೂ ಅಲ್ಲಿಯೇ ಬಡಿಸುವುದು ಏಕೆ ಅವರಿಗೆ ಹೊಳೆದಿಲ್ಲವೋ ತಿಳಿಯದು.

ಕೋಣೆಗಳ ವಿಷಯದಲ್ಲಿ ವಿಚಿತ್ರವೆಂದರೆ ಅಗ್ಗದ್ದೇ ಒಳ್ಳೆಯದು. ಕೆಳಗಿನ ಎ.ಸಿ. ಕೋಣೆಗಳಿಗೆ ಆಗ 400 ರೂಪಾಯಿ ಹೆಚ್ಚು ಇತ್ತು ಮತ್ತು ಅವುಗಳಿಗೆ ಇರುವುದು ಒಂದೇ ಕಿಟಕಿ. ಮಹಡಿಯ ಮೂಲೆಯ ಕೋಣೆಗೆ ಎ.ಸಿ. ಇಲ್ಲ, ಆದರೆ ಪಡುವಣಕ್ಕೊಂದು, ಮೂಡಣಕ್ಕೊಂದು ಕಿಟಕಿ, ಎರಡಕ್ಕೂ ಸೊಳ್ಳೆ ಬಲೆ. ಹಗಲು ನೆಲ ಬೇಗ ಕಾದು ಕಡಲಿನಿಂದ ಗಾಳಿ ಒಳಗೆ ಬರುತ್ತದೆ, ರಾತ್ರಿ ನೆಲ ಬೇಗ ತಣಿದು ಗಾಳಿ ಕಡಲಿನತ್ತ ತಿರುಗುತ್ತದೆ. ಎದುರುಬದುರು ಕಿಟಕಿಯಿದ್ದರೆ ಇಪ್ಪತ್ನಾಲ್ಕು ಗಂಟೆಯೂ ಕೋಣೆಯ ಗಾಳಿ ಬದಲಾಗುತ್ತಲೇ ಇರುತ್ತದೆ. ನವೆಂಬರ್ ಡಿಸೆಂಬರಿನಲ್ಲಿ ಫ್ಯಾನನ್ನೂ ನಿಧಾನಕ್ಕೆ ಇಡಬೇಕಾಗುತ್ತದೆ. ಹಾಸಿಗೆ ಬಟ್ಟೆ ಒಗೆದು ಬಿಸಿಲಲ್ಲಿ ಒಣಗಿಸಿದ್ದು, ಬಚ್ಚಲುಮನೆ ಚೊಕ್ಕಟ, ಬಿಸಿನೀರು ಮಾತ್ರ ಬೆಳಿಗ್ಗೆ ಎಂಟರ ತನಕ. ದಿನವೂ ಕೋಣೆ ಗುಡಿಸುವುದು ಬೇಡ ಎಂದು ನಾವೇ ಹೇಳಿದೆವು. ಗುಡಿಸಲು ಬರುವ ಹೆಂಗಸು ಆರು ಕೋಣೆಗಳಲ್ಲಿ ಆರು ಊರಿನವರ ಉಸಿರಿನ ನಡುವೆ ಕೆಲಸ ಮಾಡುತ್ತಾರೆ. ನಾವು ಒಂದು ಮನೆಯವರನ್ನು ನೋಡಿ ಹೋಗುತ್ತೇವೆ, ಅವರು ವಾರವಾರವೂ ಹೊಸಬರನ್ನು ನೋಡುತ್ತಿರುತ್ತಾರೆ. ಹೋಗಬಹುದೇ ಎಂಬ ಪ್ರಶ್ನೆಯನ್ನು ಪ್ರವಾಸಿಯ ಆರೋಗ್ಯದ ದೃಷ್ಟಿಯಿಂದ ಮಾತ್ರ ಕೇಳಿದರೆ ಈ ಅರ್ಧ ಕಾಣಿಸುವುದೇ ಇಲ್ಲ.

ಅಡುಗೆಗೆ ಯಾವ ಆಕ್ಷೇಪವೂ ಇಲ್ಲ. ಬಂಗುಡೆ ಹುರಿದದ್ದು ಮಸಾಲೆಯ ಅಬ್ಬರವಿಲ್ಲದೆ, ಚರ್ಮ ಗರಿಗರಿಯಾಗಿ, ಒಳಗೆ ಮೆದುವಾಗಿ ಇತ್ತು. ಮಕ್ಕಳು ನೀರುದೋಸೆಯ ಜೊತೆಗೂ ಅದನ್ನೇ ಕೇಳಿದರು. ಸಸ್ಯಾಹಾರಿಯಾದ ಅಮ್ಮನಿಗೆ ಬೇರೆ ಪಾತ್ರೆಯಲ್ಲಿ ಒಂದೆಲಗದ ತಂಬುಳಿ, ಅಪ್ಪೆಹುಳಿ ಮಾಡಿಕೊಟ್ಟರು, ಅದಕ್ಕೆ ಹೆಚ್ಚು ದುಡ್ಡು ಹಿಡಿಯಲಿಲ್ಲ. ಮುರುಗಲ ಪಾನಕಕ್ಕೆ ಸಕ್ಕರೆ ಜಾಸ್ತಿ.

ಇಕೋ ಬೀಚಿನ ಬಗ್ಗೆ ಎರಡು ಮಾತು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಆಯ್ಕೆಯಾದವು ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ, ಕಸದ ನಿರ್ವಹಣೆ ಮುಂತಾದ 33 ಮಾನದಂಡಗಳನ್ನು ನೋಡಿ ಕೊಡುವ ಮಾನ್ಯತೆ ಅದು. ತೀರ ನಿಜಕ್ಕೂ ಅಚ್ಚುಕಟ್ಟಾಗಿದೆ, ಗಾಳಿಮರಗಳ ನೆರಳಿದೆ, ಸ್ನಾನಕ್ಕೂ ಬಟ್ಟೆ ಬದಲಿಸುವುದಕ್ಕೂ ವ್ಯವಸ್ಥೆಯಿದೆ. ಆದರೆ ಆ ನೀಲಿ ಬಾವುಟಕ್ಕೂ ಕೊರೊನಾಕ್ಕೂ ಸಂಬಂಧವಿಲ್ಲ, ಪಕ್ಕದ ಹೋಮ್‌ಸ್ಟೇಗಳಿಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಮರಳಿನ ಮೇಲೆ ಅದರ ಅಗತ್ಯವೂ ಇಲ್ಲ ಎನ್ನಿ: ವಾರದ ನಡುವಿನ ದಿನ ಬೆಳಿಗ್ಗೆ ಅಲ್ಲಿ ನಮ್ಮಿಂದ ಕೂಗಳತೆಯ ದೂರಕ್ಕೆ ಒಬ್ಬರೂ ಇರಲಿಲ್ಲ. ಸಾಗರದ ಗಣಪತಿ ಕೆರೆಯ ದಂಡೆಯಲ್ಲಿ ಸಂಜೆ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಶನಿವಾರ ಮಧ್ಯಾಹ್ನದಿಂದ ಚಿತ್ರ ಬೇರೆಯಾಗುತ್ತದೆ, ಮುರ್ಡೇಶ್ವರದಲ್ಲಂತೂ ದರ್ಶನಕ್ಕೂ ಲಿಫ್ಟಿಗೂ ಸಾಲು. ಗೋಪುರದ ಮೇಲಿನಿಂದ ಸಮುದ್ರ ನೋಡುವ ಆಸೆಗೆ ಮುಚ್ಚಿದ ಲಿಫ್ಟಿನಲ್ಲಿ ಅಪರಿಚಿತರ ಜೊತೆ ನಿಲ್ಲುವುದನ್ನು ನಾವು ಬಿಟ್ಟೆವು.

ಇನ್ನು, ನಾವು ಹೋಗುವುದು ಅಲ್ಲಿಯವರಿಗೆ ಬೇಕೇ? 2021ರ ಜುಲೈನಲ್ಲಿ ನಿರ್ಬಂಧ ಸಡಿಲವಾದದ್ದೇ ತಡ ಜೋಗಕ್ಕೂ ಸಿಗಂದೂರಿಗೂ ಬೆಂಗಳೂರಿನ ಕಾರುಗಳು ಸಾಲುಗಟ್ಟಿದಾಗ ನಮ್ಮಲ್ಲಿ ಗೊಣಗದವರಿರಲಿಲ್ಲ. 2020ರ ಮಾರ್ಚಿನಲ್ಲಿ ಊರ ಬಾಯಿಗೆ ಮರ ಅಡ್ಡ ಹಾಕಿದವರೂ ನಮ್ಮವರೇ. ಘಾಟಿ ಇಳಿದೊಡನೆ ನಾವೇ ಆ ಕಾರಿನವರಾಗುತ್ತೇವೆ. ಯಜಮಾನರು ಇದಕ್ಕೆ ಕೊಟ್ಟ ಉತ್ತರ ಭಾವುಕವಾದದ್ದಲ್ಲ. ಅವರ ದುಡಿಮೆಯ ಕಾಲ ಏಪ್ರಿಲ್-ಮೇ ತಿಂಗಳ ಮಕ್ಕಳ ರಜೆ. 2020ರಲ್ಲೂ 2021ರಲ್ಲೂ ಸರಿಯಾಗಿ ಆ ತಿಂಗಳುಗಳೇ ಲಾಕ್‌ಡೌನಿಗೆ ಹೋದವು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಜೂನ್-ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ರಜೆ. ಉಳಿಯುವುದು ಅಕ್ಟೋಬರಿನಿಂದ ಮಾರ್ಚ್. ಅವರಿಗೆ ಪ್ರವಾಸಿಗರು ಬೇಕು, ಆದರೆ ಎಲ್ಲರೂ ಒಂದೇ ಶನಿವಾರ ಬರುವುದು ಬೇಡ.

ಎಲ್ಲರನ್ನೂ ಕರೆದುಕೊಂಡು ಹೋಗಬಹುದಿತ್ತು ಎಂದು ನಾನು ಹೇಳಲಾರೆ. ಹೊನ್ನಾವರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅದಕ್ಕೂ ಮೀರಿದ ತೊಂದರೆಯಾದರೆ ಅಲ್ಲಿಯವರು ಓಡುವುದು 100 ಕಿ.ಮೀ.ಗೂ ಹೆಚ್ಚು ದೂರದ ಮಣಿಪಾಲಕ್ಕೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಕೊರೊನಾಕ್ಕಿಂತ ಹಳೆಯದು. ಉಸಿರಾಟದ ಕಾಯಿಲೆ, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು, ಆಗ ಇನ್ನೂ ಒಂದೇ ಡೋಸ್ ಆಗಿ ಎರಡನೆಯದಕ್ಕೆ ಕಾಯಬೇಕಿದ್ದ 84 ದಿನ ಎಣಿಸುತ್ತಿದ್ದ ಹಿರಿಯರನ್ನು ನಾನಾದರೆ ಕರೆದೊಯ್ಯುತ್ತಿರಲಿಲ್ಲ. ನಮ್ಮ ಅಮ್ಮನಿಗೆ ಎರಡನೇ ಡೋಸ್ ಆಗಿ ತಿಂಗಳುಗಳು ಕಳೆದಿದ್ದವು, ಸಕ್ಕರೆ ಕಾಯಿಲೆ ಹತೋಟಿಯಲ್ಲಿತ್ತು, ಮನೆಯ ವೈದ್ಯರನ್ನು ಕೇಳಿಯೇ ಹೊರಟದ್ದು. ಮಕ್ಕಳ ವಿಷಯದಲ್ಲಿ ಶಾಲೆಗಳೇ ತೆರೆದಿರುವಾಗ ಮರಳಿನ ಮೇಲೆ ಆಡುವುದು ಹೆಚ್ಚಿನ ಅಪಾಯವೆಂದು ನನಗೆ ಅನಿಸಲಿಲ್ಲ.

2021ರ ಡಿಸೆಂಬರ್ 2ರಂದು ಕೊರೊನಾದ ಹೊಸ ತಳಿಯಾದ ಓಮಿಕ್ರಾನಿನ ದೇಶದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲಿಯೇ ದೃಢಪಟ್ಟವು. ಆದ್ದರಿಂದ ಹೋಗುವವರಿಗೆ ಆಗ ನಾನು ಹೇಳಿದ್ದು: ಎರಡು ವಾರದೊಳಗೆ, ಸೋಮವಾರದಿಂದ ಗುರುವಾರದ ನಡುವೆ, ಮಹಡಿಯ ಮೂಲೆಯ ಕೋಣೆ ಹಿಡಿದು, ಊಟ ಚಪ್ಪರದಲ್ಲೇ ಬೇಕೆಂದು ಫೋನಿನಲ್ಲಿಯೇ ಹೇಳಿ ಹೋಗಿ. ಆ ಷರತ್ತಿನ ಮೇಲೆ ಈ ಹೋಮ್‌ಸ್ಟೇಗೆ ಐದಕ್ಕೆ ನಾಲ್ಕು ಅಂಕ ಕೊಟ್ಟೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆ ಸಲ ಆರೂ ಕೋಣೆಗಳು ಭರ್ತಿಯಾಗಿದ್ದವು, ಅಂಗಳದಲ್ಲಿ ಡೇರೆಗಳನ್ನೂ ಹಾಕಿಸುವವರಿದ್ದರಂತೆ. ಅಷ್ಟೂ ಜನರಿಗೆ ಊಟ ಅದೇ ಗಾಜಿನ ಕಿಟಕಿಯ ಕೋಣೆಯಲ್ಲಿ, ಏಕೆಂದರೆ ಆ ದಿನಗಳಲ್ಲಿ ಚಪ್ಪರವನ್ನು ಡಿ.ಜೆ.ಗೆ ಬಿಟ್ಟುಕೊಟ್ಟಿದ್ದರು. ಆ ವಾರಕ್ಕೆ ನನ್ನ ಅಂಕ ಸೊನ್ನೆ, ಹಣ ಪೂರ್ತಿ ವಾಪಸು ಕೊಡುತ್ತಿದ್ದರೂ.